ಲಗ್ನಪತ್ರಿಕೆಯಿಂದ ಎಲ್‌ಇಡಿ ಪರದೆವರೆಗೆ: ಕ್ಯೂಆರ್ ಕೋಡ್ ಎಷ್ಟು ದೊಡ್ಡದಿರಬೇಕು?

ಅಕ್ಷರಜೋಡಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಮದುವೆಯ ಪೂರ್ತಿ ಪ್ರಿಂಟಿಂಗ್ ಕೆಲಸ ನಡೀತಿದೆ, ಕ್ಯೂಆರ್ ಕೋಡ್ ಅಳತೆ ಬಗ್ಗೆ ಸಲಹೆ ಬೇಕು.

ಲಗ್ನಪತ್ರಿಕೆ 500 ಪ್ರತಿ, ಮರೂನ್ ಕಾರ್ಡು, ಒಳಹಾಳೆ ಕೆನೆ ಬಣ್ಣ, ಸ್ಕ್ರೀನ್ ಪ್ರಿಂಟಿಂಗ್. ಕಲ್ಯಾಣ ಮಂಟಪದ ಗೂಗಲ್ ಮ್ಯಾಪ್ ಲಿಂಕ್ ಕೋಡ್‌ನಲ್ಲಿ ಬರಬೇಕು. ಒಳಹಾಳೆಯ ಬಲಗಡೆ ಕೆಳಮೂಲೆಯಲ್ಲಿ 2 ಸೆಂ.ಮೀ. ಚೌಕದ ಜಾಗ ಬಿಟ್ಟಿದ್ದೇನೆ. ಹೊರಗಡೆ ಮರೂನ್ ಮೇಲೆ ಚಿನ್ನದ ಫಾಯಿಲ್‌ನಲ್ಲೇ ಕೋಡ್ ಬಂದರೆ ಚೆಂದ ಅಂತ ಹೆಣ್ಣಿನ ಮನೆಯವರ ಆಸೆ.

ಇದಲ್ಲದೆ ಮಂಟಪದ ಬಾಗಿಲಿಗೆ 6×4 ಅಡಿ ಫ್ಲೆಕ್ಸ್ (ಫೋಟೋ ಆಲ್ಬಮ್ ಲಿಂಕ್), ವಾಟ್ಸ್‌ಆ್ಯಪ್‌ಗೆ 1080×1920ರ ಆಹ್ವಾನ, ವೇದಿಕೆ ಪಕ್ಕದ ಎಲ್‌ಇಡಿ ಪರದೆ, ಮುಯ್ಯಿ ಬರೆಯುವ ಟೇಬಲ್ ಮೇಲೆ ಯುಪಿಐ ಕೋಡ್.

ಸದ್ಯಕ್ಕೆ ಮಾಡಿರುವುದು: ಬ್ರೌಸರ್‌ನ ವಿಳಾಸಪಟ್ಟಿಯಿಂದ ಮ್ಯಾಪ್ ಲಿಂಕ್ ಕಾಪಿ ಮಾಡಿ, ಉಚಿತ ವೆಬ್‌ಸೈಟ್ ಒಂದರಲ್ಲಿ ಕೋಡ್ ತೆಗೆದೆ. ಎರರ್ ಕರೆಕ್ಷನ್ (ಕೋಡ್ ಸ್ವಲ್ಪ ಹಾಳಾದರೂ ಓದಿಸುವ ರಕ್ಷಣೆ) ‘ಹೈ’, ಮಧ್ಯದಲ್ಲಿ ಗಣಪತಿ ಚಿತ್ರ, 600 ಪಿಕ್ಸೆಲ್ ಜೆಪೆಗ್. ಲೇಸರ್ ಪ್ರಿಂಟರ್‌ನಲ್ಲಿ ಪ್ರೂಫ್ ತೆಗೆದಾಗ ಹೊಸ ಫೋನ್ ಓದುತ್ತದೆ, ಹಳೆಯದು ಓದುವುದಿಲ್ಲ. ಲಿಂಕ್ ಎಣಿಸಿದರೆ 180 ಅಕ್ಷರ ಇದೆ. 2 ಸೆಂ.ಮೀ. ಸಾಲದೇ? ಎಷ್ಟಕ್ಕೆ ಏರಿಸಬೇಕು?

---

ಚೌಕಾಬಾರ

ಸೆಂ.ಮೀ. ಲೆಕ್ಕ ಸ್ವಲ್ಪ ಪಕ್ಕಕ್ಕಿಡಿ. ಕ್ಯೂಆರ್‌ನಲ್ಲಿ ಅಳೆಯಬೇಕಾದದ್ದು ಇಡೀ ಚೌಕವನ್ನಲ್ಲ, ಒಳಗಿನ ಒಂದೊಂದು ಪುಟ್ಟ ಚೌಕವನ್ನು. ತಾಂತ್ರಿಕವಾಗಿ ಅದಕ್ಕೆ ಮಾಡ್ಯೂಲ್ ಅನ್ನುತ್ತಾರೆ, ಇಲ್ಲಿ ನಾನು ‘ಮನೆ’ ಅನ್ನುತ್ತೇನೆ. ಕ್ಯಾಮೆರಾಕ್ಕೆ ಆ ಒಂದು ಮನೆ ಕಪ್ಪೋ ಬಿಳುಪೋ ಅಂತ ಬಿಡಿಯಾಗಿ ಕಾಣಬೇಕು. ಕಂಡರೆ ಕೋಡ್ ಓದುತ್ತದೆ, ಇಲ್ಲದಿದ್ದರೆ ಇಲ್ಲ.

ಎಷ್ಟು ಮನೆ ಅನ್ನುವುದು ಒಳಗೆ ತುಂಬಿದ ಸರಕಿನ ಮೇಲೆ ನಿಂತಿದೆ. ಕೋಡ್‌ನ ಗಾತ್ರದ ಒಂದೊಂದು ಮೆಟ್ಟಿಲಿಗೆ ವರ್ಷನ್ ಅನ್ನುತ್ತಾರೆ. ವರ್ಷನ್ 1 ಅಂದರೆ 21×21 ಮನೆ. ಅಲ್ಲಿಂದ ಒಂದೊಂದು ವರ್ಷನ್‌ಗೆ ನಾಲ್ಕು ನಾಲ್ಕು ಮನೆ ಏರುತ್ತಾ ವರ್ಷನ್ 40ಕ್ಕೆ 177×177 ಆಗುತ್ತದೆ. ಸುತ್ತಲೂ ನಾಲ್ಕು ಮನೆ ಅಗಲದ ಖಾಲಿ ಬಿಳಿ ಅಂಚು ಕಡ್ಡಾಯ. ಅಂದರೆ ಜಾಗದ ಲೆಕ್ಕಕ್ಕೆ ಯಾವಾಗಲೂ ಎಂಟು ಮನೆ ಕೂಡಿಸಿಕೊಳ್ಳಿ.

ಈಗ ನಿಮ್ಮ ಕೋಡ್. 180 ಅಕ್ಷರ, ಎರರ್ ಕರೆಕ್ಷನ್ ‘ಎಚ್’ (ಹೈ) ಮಟ್ಟ. ಅದು ವರ್ಷನ್ 14ಕ್ಕೆ ಹೋಗುತ್ತದೆ, 73 ಮನೆ. ಅಂಚು ಸೇರಿ 81. ನಿಮ್ಮ 20 ಮಿ.ಮೀ.ಯನ್ನು 81ರಿಂದ ಭಾಗಿಸಿದರೆ ಒಂದು ಮನೆಗೆ ಸಿಗುವುದು 0.25 ಮಿ.ಮೀ. ಅಷ್ಟೇ.

ದೂರಕ್ಕೆ ನಾನು ಬಳಸುವ ಸೂತ್ರ: ಒಂದು ಮನೆಯ ಅಗಲ × 250 = ನಿಶ್ಚಿಂತೆಯಿಂದ ಓದಬಹುದಾದ ದೂರ. ‘ದೂರದ ಹತ್ತರಲ್ಲಿ ಒಂದು ಪಾಲು’ ಅಂತ ಎಲ್ಲರೂ ಹೇಳುವ ನಿಯಮ ಇದೇ, ಆದರೆ ಅದು 25 ಮನೆಯ ಸಣ್ಣ ಕೋಡ್‌ಗೆ ಮಾತ್ರ ಸರಿ. ಮನೆ ಹೆಚ್ಚಿದಂತೆ ಹತ್ತರ ನಿಯಮ ಮೋಸ ಮಾಡುತ್ತದೆ, ಅದಕ್ಕೇ ಮನೆಯಿಂದಲೇ ಲೆಕ್ಕ ಹಾಕುವುದು. 0.25 × 250 = 62 ಮಿ.ಮೀ. ಅಂದರೆ ಫೋನನ್ನು ಆರು ಸೆಂ.ಮೀ.ಗೆ ತರಬೇಕು. ಹೆಚ್ಚಿನ ಫೋನ್‌ಗಳ ಮುಖ್ಯ ಕ್ಯಾಮೆರಾ 10 ಸೆಂ.ಮೀ.ಗಿಂತ ಹತ್ತಿರ ಬಂದರೆ ಫೋಕಸ್ ಆಗುವುದಿಲ್ಲ. ದೂರ ಹಿಡಿದರೆ ಮನೆ ಕಾಣುವುದಿಲ್ಲ, ಹತ್ತಿರ ತಂದರೆ ಮಸುಕು. ನಿಮ್ಮ ಹಳೆ ಫೋನ್ ಸಿಕ್ಕಿಕೊಂಡಿರುವುದು ಈ ಎರಡರ ನಡುವೆ. ಹೊಸ ಫೋನ್‌ನ ಕ್ಯಾಮೆರಾ ಸೂಕ್ಷ್ಮವಾದ್ದರಿಂದ ಸೂತ್ರಕ್ಕಿಂತ ದೂರದಿಂದಲೇ ಹಿಡಿದುಬಿಟ್ಟಿದೆ. ಪತ್ರಿಕೆ ಕೈಗೆ ಬಂದ ಎಲ್ಲರ ಹತ್ತಿರ ಅಂಥ ಫೋನ್ ಇರುವುದಿಲ್ಲ.

ಹಾಗಾಗಿ ಕೋಡ್ ದೊಡ್ಡದು ಮಾಡುವ ಮೊದಲು ಲಿಂಕ್ ಚಿಕ್ಕದು ಮಾಡಿ. ಮ್ಯಾಪ್ ಆ್ಯಪ್‌ನಲ್ಲಿ ಮಂಟಪದ ಹೆಸರು ತೆರೆದು ‘ಶೇರ್’ ಒತ್ತಿದರೆ ಸುಮಾರು 40 ಅಕ್ಷರದ ಚಿಕ್ಕ ಲಿಂಕ್ ಸಿಗುತ್ತದೆ. ಎರರ್ ಕರೆಕ್ಷನ್ ಅದಕ್ಕಿಂತ ಕಡಿಮೆಯ ‘ಎಂ’ ಮಟ್ಟದಲ್ಲಿ ವರ್ಷನ್ 3ರ ಮಿತಿ 42 ಅಕ್ಷರ, ಅಂದರೆ 29 ಮನೆಯಲ್ಲೇ ಮುಗಿಯುತ್ತದೆ. ಅಂಚು ಸೇರಿ 37. ಅದೇ 20 ಮಿ.ಮೀ. ಜಾಗದಲ್ಲಿ ಒಂದು ಮನೆ 0.54 ಮಿ.ಮೀ. ಆಗುತ್ತದೆ, ಎರಡರಷ್ಟಕ್ಕಿಂತ ಹೆಚ್ಚು. ಜಾಗವನ್ನು 22 ಮಿ.ಮೀ.ಗೆ ಏರಿಸಿದರೆ 0.6 ಮಿ.ಮೀ., ಓದುವ ದೂರ 15 ಸೆಂ.ಮೀ. ವಯಸ್ಸಾದವರು ಕೈ ಚಾಚಿ ಹಿಡಿಯುತ್ತಾರೆ, ಜಾಗ ಸಿಕ್ಕರೆ 3 ಸೆಂ.ಮೀ. ಕೊಡಿ, ಮನೆ 0.8 ಆಗಿ ದೂರ 20 ಸೆಂ.ಮೀ.ಗೆ ಬರುತ್ತದೆ.

ಎರರ್ ಕರೆಕ್ಷನ್ ಬಗ್ಗೆ ಒಂದು ಮಾತು, ಇದನ್ನು ತುಂಬ ಜನ ತಪ್ಪು ತಿಳಿದಿದ್ದಾರೆ. ಎಲ್, ಎಂ, ಕ್ಯೂ, ಎಚ್ ಅನ್ನುವ ನಾಲ್ಕು ಮಟ್ಟಗಳು ಕ್ರಮವಾಗಿ ಸುಮಾರು 7, 15, 25, 30 ಶೇಕಡಾ ಹಾನಿ ತಡೆದುಕೊಳ್ಳುತ್ತವೆ. ಹಾಗಂತ ಎಚ್ ಯಾವಾಗಲೂ ಒಳ್ಳೆಯದಲ್ಲ. ಆ ರಕ್ಷಣೆಗೂ ಮನೆಗಳು ಬೇಕು. ನಿಮ್ಮ 40 ಅಕ್ಷರದ ಲಿಂಕೇ ಎಂ-ನಲ್ಲಿ 29 ಮನೆ, ಕ್ಯೂ-ನಲ್ಲಿ 33, ಎಚ್-ನಲ್ಲಿ 37. ಜಾಗ ಅಷ್ಟೇ ಇದ್ದಾಗ ಎಚ್ ಹಾಕಿದರೆ ಪ್ರತಿ ಮನೆಯೂ ಕುಗ್ಗುತ್ತದೆ. ಬಿಸಿಲು ಮಳೆ ತಾಗದ ಕಾಗದಕ್ಕೆ ಎಂ ಸಾಕು.

ಗಣಪತಿಯನ್ನು ಕೋಡ್ ಒಳಗಿಂದ ತೆಗೆದು ಪತ್ರಿಕೆಯ ನೆತ್ತಿಯ ಮೇಲೆ, ಅವನ ಜಾಗದಲ್ಲೇ ಇಡಿ. ಚಿತ್ರ ಮುಚ್ಚಿದ ಮನೆಗಳೆಲ್ಲ ಹಾನಿ ಅಂತಲೇ ಲೆಕ್ಕ. ಆ 30 ಶೇಕಡಾವನ್ನು ಚಿತ್ರವೇ ತಿಂದರೆ ಮಸಿ ಹರಡಿದ್ದಕ್ಕೆ, ಗೀರು ಬಿದ್ದಿದ್ದಕ್ಕೆ ಏನೂ ಉಳಿಯುವುದಿಲ್ಲ.

ಕೊನೆಯದು, ಆ ಉಚಿತ ವೆಬ್‌ಸೈಟ್. ಕೋಡ್ ಸ್ಕ್ಯಾನ್ ಮಾಡಿದಾಗ ತೆರೆಯುವ ಮೊದಲು ತೋರಿಸುವ ವಿಳಾಸ ಗಮನಿಸಿ. ಅಲ್ಲಿ ಮ್ಯಾಪ್ ಲಿಂಕ್ ಬದಲು ಆ ವೆಬ್‌ಸೈಟ್‌ನದೇ ವಿಳಾಸ ಕಂಡರೆ ಅದು ‘ಡೈನಮಿಕ್’ ಕೋಡ್. ಅವರ ಉಚಿತ ಅವಧಿ ಮುಗಿದ ದಿನ 500 ಪತ್ರಿಕೆಯ ಕೋಡೂ ಒಟ್ಟಿಗೇ ಸಾಯುತ್ತದೆ. ‘ಸ್ಟ್ಯಾಟಿಕ್’ ಆರಿಸಿ, ಇಲ್ಲವೇ ವಿನ್ಯಾಸದ ತಂತ್ರಾಂಶ ಕೋರಲ್‌ಡ್ರಾನಲ್ಲೇ ಮಾಡಿ. ಜೆಪೆಗ್ ಬೇಡ. 600 ಪಿಕ್ಸೆಲ್‌ನಲ್ಲಿ 81 ಮನೆ ಅಂದರೆ ಮನೆಗೆ 7.4 ಪಿಕ್ಸೆಲ್, ಆಗ ಕೆಲವು ಮನೆ 7, ಕೆಲವು 8 ಆಗಿ ಗೆರೆಗಳು ಏರುಪೇರು. ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಎಸ್‌ವಿಜಿ, ಇಪಿಎಸ್ ಅಥವಾ ಪಿಡಿಎಫ್ ತೆಗೆದುಕೊಳ್ಳಿ.

---

ಮಸಿಬಟ್ಟಲು

ಚೌಕಾಬಾರ ಅವರ ಲೆಕ್ಕ ಸರಿ ಇದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಸೇರಿಸುತ್ತೇನೆ.

ಮಸಿ ಬಟ್ಟೆಯಿಂದ ಇಳಿದ ಮೇಲೆ ಅಂಚಿನಲ್ಲಿ ಸ್ವಲ್ಪ ಹರಡಿಯೇ ಹರಡುತ್ತದೆ. ಪ್ರತಿ ಬದಿಗೆ 0.05 ಮಿ.ಮೀ. ಅಂತಲೇ ಇಟ್ಟುಕೊಳ್ಳಿ. 0.25ರ ಮನೆಯಲ್ಲಿ ಕಪ್ಪು 0.35 ಆಗುತ್ತದೆ, ಎರಡು ಕಪ್ಪಿನ ನಡುವೆ ಸಿಕ್ಕಿದ ಬಿಳಿ 0.15ಕ್ಕೆ ಇಳಿಯುತ್ತದೆ. ಒಂಟಿ ಬಿಳಿ ಮನೆಗಳು ಮುಚ್ಚಿಹೋದಂತೆಯೇ. ಅದೇ 0.6ರ ಮನೆಯಲ್ಲಿ ಕಪ್ಪು 0.7, ಬಿಳಿ 0.5. ಇದನ್ನು ಯಾವ ಫೋನೂ ಓದುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ಗೆ 0.5ಕ್ಕಿಂತ ಕೆಳಗೆ ನಾನು ಒಪ್ಪುವುದಿಲ್ಲ. ಆಫ್‌ಸೆಟ್‌ನಲ್ಲಾದರೆ ಆರ್ಟ್ ಪೇಪರ್ ಮೇಲೆ 0.4ರವರೆಗೆ ಧೈರ್ಯ ಮಾಡಬಹುದು.

ಹರಡುವುದನ್ನು ಮೊದಲೇ ಕಳೆಯುವ ದಾರಿಯೂ ಇದೆ. ಕೋರಲ್‌ನಲ್ಲಿ ಕೋಡ್‌ನ ಕಪ್ಪು ಮನೆಗಳನ್ನೆಲ್ಲ ಆಯ್ದು ವೆಲ್ಡ್ ಮಾಡಿ (ಒಂದೇ ಆಕಾರವಾಗಿ ಬೆಸೆಯಿರಿ), ಆಮೇಲೆ 0.1 ಮಿ.ಮೀ. ಬಿಳಿ ಔಟ್‌ಲೈನ್ ಕೊಡಿ. ಔಟ್‌ಲೈನ್ ಅರ್ಧ ಒಳಗೆ ಅರ್ಧ ಹೊರಗೆ ಕೂರುವುದರಿಂದ ಕಪ್ಪು ಪ್ರತಿ ಬದಿಗೆ 0.05 ತೆಳುವಾಗುತ್ತದೆ. ಮಸಿ ಹರಡಿದಾಗ ಸರಿಯಾದ ಅಳತೆಗೆ ಬಂದು ನಿಲ್ಲುತ್ತದೆ. ವೆಲ್ಡ್ ಮಾಡುವುದು ಮರೆತರೆ ಅಕ್ಕಪಕ್ಕದ ಕಪ್ಪು ಮನೆಗಳ ನಡುವೆಯೂ ಬಿಳಿ ಗೆರೆ ಬಂದು ಇಡೀ ಕೋಡ್ ಜಾಲರಿಯಂತಾಗುತ್ತದೆ, ಅದನ್ನು ಜೋಪಾನವಾಗಿ ನೋಡಿಕೊಳ್ಳಿ.

ಬಣ್ಣ. ಕೆನೆ ಹಾಳೆಯ ಮೇಲೆ ಕಪ್ಪು ಉತ್ತಮ. ಹಳದಿ ಹಾಳೆಯ ಮೇಲೂ ಕಪ್ಪು ಚೆನ್ನಾಗಿ ಓದುತ್ತದೆ. ಕಡು ಮರೂನ್, ಕಡು ನೀಲಿ, ಕಡು ಹಸಿರು ಮಸಿ ಆಗಬಹುದು. ಕೆಂಪು, ಕಿತ್ತಳೆ, ಚಿನ್ನದ ಬಣ್ಣದ ಮಸಿ ಬೇಡ, ಕ್ಯಾಮೆರಾಕ್ಕೆ ಅವು ಹಿನ್ನೆಲೆಯಿಂದ ಕಪ್ಪಿನಷ್ಟು ಸ್ಪಷ್ಟವಾಗಿ ಬೇರೆಯಾಗಿ ಕಾಣುವುದಿಲ್ಲ. ಮಲ್ಟಿಕಲರ್ ಆಫ್‌ಸೆಟ್‌ಗೆ ಹೋದರೆ ಕೋಡನ್ನು ಕಪ್ಪು ಒಂದೇ ಪ್ಲೇಟ್‌ನಲ್ಲಿ 100 ಶೇಕಡಾ ಇಡಿ. ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪಿನಲ್ಲಿ ರಿಜಿಸ್ಟರ್ (ಬಣ್ಣಗಳು ಒಂದರ ಮೇಲೊಂದು ಕೂರುವ ಹೊಂದಾಣಿಕೆ) ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ಮನೆಗೂ ಬಣ್ಣದ ನೆರಳು ಬೀಳುತ್ತದೆ.

ಮರೂನ್ ಮೇಲೆ ಚಿನ್ನದ ಫಾಯಿಲ್ ವಿಷಯಕ್ಕೆ ಬಂದರೆ, ಮನೆಯವರಿಗೆ ದಯವಿಟ್ಟು ಬೇಡ ಅನ್ನಿ. ಅದರಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಒಂದು, ಕಪ್ಪಿನ ಜಾಗದಲ್ಲಿ ಬೆಳಕು, ಬೆಳಕಿನ ಜಾಗದಲ್ಲಿ ಕಪ್ಪು, ಅಂದರೆ ಉಲ್ಟಾ ಕೋಡ್. ಕೆಲವು ಆ್ಯಪ್ ಅದನ್ನು ಓದುತ್ತವೆ, ಕೆಲವು ಓದುವುದಿಲ್ಲ. ಎರಡನೆಯದು ಇನ್ನೂ ಕಷ್ಟ: ಫಾಯಿಲ್ ಅಂದರೆ ಕನ್ನಡಿ. ಕಾರ್ಡನ್ನು ಸ್ವಲ್ಪ ವಾಲಿಸಿದರೆ ಹೊಳೆಯುತ್ತದೆ, ಇನ್ನೊಂದು ಕಡೆ ವಾಲಿಸಿದರೆ ಕಪ್ಪಗೆ ಕಾಣುತ್ತದೆ. ಒಂದೇ ಕೋಡ್‌ನ ಅರ್ಧ ಹೀಗೆ, ಅರ್ಧ ಹಾಗೆ. ಯಾವ ಅಳತೆಗೆ ಏರಿಸಿದರೂ ಇದು ಸರಿಯಾಗುವುದಿಲ್ಲ.

ಹೊರಗಡೆಯೇ ಬೇಕು ಅಂತ ಹಟ ಹಿಡಿದರೆ ಬಿಳಿ ಸ್ಟಿಕ್ಕರ್ ಅಂಟಿಸಿ. 203 ಡಿಪಿಐ (ಇಂಚಿಗೆ 203 ಚುಕ್ಕೆ) ಲೇಬಲ್ ಪ್ರಿಂಟರ್‌ನಲ್ಲಿ ಒಂದು ಚುಕ್ಕೆ 0.125 ಮಿ.ಮೀ. ಒಂದು ಮನೆಗೆ ಪೂರ್ತಿ 4 ಚುಕ್ಕೆ ಕೊಟ್ಟರೆ 0.5 ಮಿ.ಮೀ., ಅಂಚು ಸೇರಿ 37 ಮನೆಗೆ 18.5 ಮಿ.ಮೀ. 5 ಚುಕ್ಕೆ ಕೊಟ್ಟರೆ 23 ಮಿ.ಮೀ. ಚಿಲ್ಲರೆ. ನಾಲ್ಕೂವರೆ ಚುಕ್ಕೆ ಅನ್ನುವ ಲೆಕ್ಕ ಪ್ರಿಂಟರ್‌ಗೆ ಗೊತ್ತಿಲ್ಲ, ಅದು ಒಂದಕ್ಕೆ ನಾಲ್ಕು ಇನ್ನೊಂದಕ್ಕೆ ಐದು ಹಾಕುತ್ತದೆ. ರಿಬ್ಬನ್ ಇರುವ ಪ್ರಿಂಟರ್ ಬಳಸಿ. ಬಿಸಿಗೆ ಕಪ್ಪಾಗುವ ನೇರ ಥರ್ಮಲ್ ಲೇಬಲ್ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಬಿದ್ದರೆ ಪೂರ್ತಿ ಕಪ್ಪಿಡುತ್ತದೆ.

---

ಅಕ್ಷರಜೋಡಣೆ

ಇಬ್ಬರಿಗೂ ಧನ್ಯವಾದ. ಚಿಕ್ಕ ಲಿಂಕ್ ತೆಗೆದೆ, ಕೋಡ್ ನೋಡಿದರೇ ಗೊತ್ತಾಗುತ್ತದೆ, ಎಷ್ಟೋ ತಿಳಿಯಾಗಿದೆ. ಎರಡು ಸಂದೇಹ. ಕೋರಲ್‌ನಲ್ಲಿ ಎಳೆದು ಅಳತೆ ಹೊಂದಿಸಿದ ಮೇಲೆ ಒಂದು ಮನೆ ಎಷ್ಟಿದೆ ಅಂತ ತಿಳಿಯುವುದು ಹೇಗೆ? ಮತ್ತೆ, ಇಂಟರ್ನೆಟ್ ಸಿಗದ ಕಡೆಯೂ ಕಾಣಲಿ ಅಂತ ಲಿಂಕ್ ಬದಲು ಮಂಟಪದ ವಿಳಾಸವನ್ನೇ ಕನ್ನಡದಲ್ಲಿ ಕೋಡ್ ಒಳಗೆ ತುಂಬಬಹುದೇ? ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ವಿಳಾಸ ಸಿದ್ಧ ಇದೆ.

---

ಚೌಕಾಬಾರ

ಮೊದಲನೆಯದಕ್ಕೆ ಸ್ಕೇಲ್ ಸಾಕು. ಕೋಡ್‌ನ ಮೂರು ಮೂಲೆಯಲ್ಲಿ ದೊಡ್ಡ ಕಣ್ಣುಗಳಿವೆಯಲ್ಲ, ಕಪ್ಪು ಚೌಕದೊಳಗೆ ಬಿಳಿ, ಅದರೊಳಗೆ ಮತ್ತೆ ಕಪ್ಪು. ಯಾವ ವರ್ಷನ್ ಆದರೂ ಆ ಕಣ್ಣಿನ ಅಗಲ ಸರಿಯಾಗಿ 7 ಮನೆ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 7ರಿಂದ ಭಾಗಿಸಿ. 4.2 ಮಿ.ಮೀ. ಬಂದರೆ ಒಂದು ಮನೆ 0.6. ಇಡೀ ಕೋಡ್‌ನ ಅಗಲವನ್ನು ಆ 0.6ರಿಂದ ಭಾಗಿಸಿದರೆ ಒಟ್ಟು ಮನೆ ಸಿಗುತ್ತದೆ. 17.4 ಮಿ.ಮೀ. ಇದ್ದರೆ 29, ಅಂದರೆ ವರ್ಷನ್ 3. ಪ್ರೂಫ್ ಕಾಗದದ ಮೇಲೂ ಹೀಗೇ ಅಳೆಯಿರಿ. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಆನ್ ಆಗಿದ್ದರೆ ಎಲ್ಲವೂ ಕುಗ್ಗಿರುತ್ತದೆ, ಪ್ರೂಫ್ ನೋಡಿದ್ದೂ ವ್ಯರ್ಥ.

ಎರಡನೆಯದು ಮಾಡಬಹುದು, ಆದರೆ ಬೆಲೆ ತಿಳಿದು ಮಾಡಿ. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸಂಕೇತ ಅಂದೆ, ಅಕ್ಷರ ಅನ್ನಲಿಲ್ಲ. ‘ಶ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಅದು ಶ, ಹಲಂತ, ರ, ದೀರ್ಘ ಈಕಾರ ಅಂತ ನಾಲ್ಕು ಸಂಕೇತ. ಅಂದರೆ 12 ಬೈಟ್. ಒತ್ತಕ್ಷರ, ಗುಣಿತ ಎಲ್ಲ ಬಿಡಿಸಿ ಎಣಿಸಿದಾಗ ನಿಮ್ಮ ವಿಳಾಸ 100 ಸಂಕೇತ ಆಯಿತು ಅನ್ನಿ, 300 ಬೈಟ್. ಎಂ ಮಟ್ಟದಲ್ಲೇ ವರ್ಷನ್ 13, 69 ಮನೆ. 0.6ರ ಮನೆ ಇಟ್ಟರೆ ಅಂಚು ಸೇರಿ 46 ಮಿ.ಮೀ. ಜಾಗ ಬೇಕು. ವಿಳಾಸ ಪತ್ರಿಕೆಯ ಮೇಲೇ ಕಣ್ಣಿಗೆ ಕಾಣುವಂತೆ ಅಚ್ಚಾಗಿರುತ್ತದಲ್ಲ, ಕೋಡ್ ಒಳಗೂ ಅದನ್ನೇ ತುಂಬುವ ಅಗತ್ಯ ನನಗೆ ಕಾಣುವುದಿಲ್ಲ.

ನುಡಿ ಫೈಲ್ ಬಗ್ಗೆ ಇನ್ನೂ ಎಚ್ಚರ ಬೇಕು. ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಾಗಿದ್ದರೆ ಒಳಗಿರುವುದು ಕನ್ನಡವಲ್ಲ, ಕನ್ನಡದ ರೂಪ ತೊಟ್ಟ ರೋಮನ್ ಅಕ್ಷರಗಳು. ನಿಮ್ಮ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಸ್ಕ್ಯಾನ್ ಮಾಡಿದವರ ಫೋನ್‌ನಲ್ಲಿ ಅರ್ಥವಿಲ್ಲದ ಅಕ್ಷರರಾಶಿ ಬೀಳುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ಬಳಸಿ.

ಕನ್ನಡ ಹೆಸರಿರುವ ವೆಬ್ ಪುಟಕ್ಕೆ ಕೋಡ್ ಮಾಡುವವರಿಗೂ ಇದೇ ಪೆಟ್ಟು, ಮೂರು ಪಟ್ಟು ಜೋರಾಗಿ. ಬ್ರೌಸರ್‌ನಿಂದ ಕಾಪಿ ಮಾಡಿದಾಗ ಪ್ರತಿ ಸಂಕೇತವೂ ಶೇಕಡಾ ಚಿಹ್ನೆ ಹೊತ್ತ ಒಂಬತ್ತು ಅಕ್ಷರ ಆಗುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ‘ಶ್ರವಣಬೆಳಗೊಳ’ ಪುಟ ತೆಗೆದುಕೊಳ್ಳಿ: ಹೆಸರಿನಲ್ಲಿ 11 ಸಂಕೇತ, ಅದು 99 ಅಕ್ಷರ, ಮುಂದಿನ 30 ಸೇರಿ 129. ಎಂ ಮಟ್ಟದಲ್ಲಿ ವರ್ಷನ್ 8, 49 ಮನೆ. ಊರಿನ ಮಾಹಿತಿ ಫಲಕಕ್ಕೆ, ಪುಸ್ತಕದ ಬೆನ್ನಿಗೆ ಕೋಡ್ ಹಾಕುವಾಗ ಚಿಕ್ಕ ಲಿಂಕ್ ಮಾಡಿಕೊಂಡರೆ 29ಕ್ಕೇ ಮುಗಿಯುತ್ತದೆ.

ಸ್ವಂತ ಡೊಮೈನ್ ಇದ್ದವರಿಗೆ ಇನ್ನೊಂದು ಉಪಾಯ. ಇಡೀ ಲಿಂಕ್ ದೊಡ್ಡ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲೇ ಇದ್ದರೆ ಕ್ಯೂಆರ್ ಅದನ್ನು ಎರಡೆರಡು ಅಕ್ಷರ ಸೇರಿಸಿ ಒತ್ತಾಗಿ ತುಂಬುತ್ತದೆ. ಎಂ ಮಟ್ಟದಲ್ಲಿ 38 ಅಕ್ಷರ ವರ್ಷನ್ 2ರಲ್ಲೇ, 25 ಮನೆಯಲ್ಲೇ ಹಿಡಿಸುತ್ತದೆ. ಸಣ್ಣಕ್ಷರ ಬೆರೆತರೆ ವರ್ಷನ್ 2ಕ್ಕೆ 26 ಅಕ್ಷರ ಮಾತ್ರ. ಆದರೆ ಮ್ಯಾಪ್‌ನ ಚಿಕ್ಕ ಲಿಂಕ್‌ಗೆ ಇದನ್ನು ಮಾಡಬೇಡಿ. ಅದರ ಬಾಲದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅರ್ಥದವು, ಬದಲಿಸಿದರೆ ಲಿಂಕ್ ತೆರೆಯುವುದೇ ಇಲ್ಲ.

---

ಫ್ಲೆಕ್ಸ್‌ಕಟ್ಟು

ಫ್ಲೆಕ್ಸ್, ಎಲ್‌ಇಡಿ ಎರಡಕ್ಕೂ ನಾನು ಹೇಳುತ್ತೇನೆ.

ಫ್ಲೆಕ್ಸ್‌ಗೆ ಮೊದಲು ಜನ ಎಲ್ಲಿ ನಿಲ್ಲುತ್ತಾರೆ ಅಂತ ಟೇಪ್ ಹಿಡಿದು ಅಳೆಯಿರಿ. ಬಾಗಿಲ ಹತ್ತಿರ ಪನ್ನೀರು ಚಿಮುಕಿಸುವ ಟೇಬಲ್ ಇರುತ್ತದೆ, ಅದರ ಹಿಂದಿನ ಗೋಡೆಗೆ ಫ್ಲೆಕ್ಸ್ ಕಟ್ಟುತ್ತಾರೆ. ಸುಮಾರು 2.5 ಮೀಟರ್ ಅನ್ನಿ. 2500ನ್ನು 250ರಿಂದ ಭಾಗಿಸಿ, ಮನೆ 10 ಮಿ.ಮೀ. 29 ಮನೆಯ ಕೋಡ್ 29 ಸೆಂ.ಮೀ., ಬಿಳಿ ಅಂಚು ಸೇರಿ 37 ಸೆಂ.ಮೀ., ನಮ್ಮ ಲೆಕ್ಕದಲ್ಲಿ ಒಂದೂಕಾಲು ಅಡಿ. 6×4ರಲ್ಲಿ ಧಾರಾಳವಾಗಿ ಕೂರುತ್ತದೆ. ಇಲ್ಲಿ ಕ್ಯೂ ಮಟ್ಟ ಹಾಕಿ, ಫ್ಲೆಕ್ಸ್ ಮಡಿಸಿ ತರುವಾಗ ಸುಕ್ಕು ಬಿದ್ದೇ ಬೀಳುತ್ತದೆ. 33 ಮನೆ ಆದರೆ 41 ಸೆಂ.ಮೀ. ಜಾಗ.

ಕೋಡ್‌ನ ನಡುಭಾಗ ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಬರಲಿ. ಕೆಳಗಿಟ್ಟರೆ ಮುಂದೆ ನಿಂತವರ ಸೊಂಟ ಮುಚ್ಚುತ್ತದೆ, ತೀರ ಮೇಲಿಟ್ಟರೆ ಫೋನ್ ಓರೆಯಾಗಿ ಹಿಡಿಯಬೇಕಾಗುತ್ತದೆ. ಐಲೆಟ್ (ಹಗ್ಗ ಪೋಣಿಸುವ ಲೋಹದ ಬಳೆ) ಮತ್ತು ಹಗ್ಗದ ಹತ್ತಿರ ಬೇಡ, ಎಳೆತಕ್ಕೆ ಚೌಕ ಸೊಟ್ಟಾಗುತ್ತದೆ. ಮಡಿಕೆ ಬೀಳುವ ನಟ್ಟನಡುವೆಯೂ ಬೇಡ. ಹಿನ್ನೆಲೆಯಲ್ಲಿ ಹೂವಿನ ಡಿಸೈನ್ ಇದ್ದರೆ ಕೋಡ್‌ಗೆ ಪ್ರತ್ಯೇಕ ಬಿಳಿ ಚೌಕ ಕೊಡಿ, ಆ ನಾಲ್ಕು ಮನೆ ಅಂಚಿನೊಳಗೆ ಒಂದು ದಳವೂ ಇಣುಕಬಾರದು. ಸಂಜೆ ಆರತಕ್ಷತೆ ಇದ್ದರೆ ಹ್ಯಾಲೊಜೆನ್ ದೀಪ ನೇರ ಬೀಳದ ಕಡೆ ಕಟ್ಟಿ, ಗ್ಲಾಸಿ ಫ್ಲೆಕ್ಸ್ ಮೇಲೆ ಬಿಳಿ ಹೊಳಪು ಕೋಡನ್ನೇ ನುಂಗುತ್ತದೆ.

ರಸ್ತೆ ತಿರುವಿನಲ್ಲಿ ‘ಮದುವೆಗೆ ದಾರಿ’ ಅಂತ ಕಟ್ಟುವ ಫ್ಲೆಕ್ಸ್‌ಗೆ ಕೋಡ್ ಬೇಡವೇ ಬೇಡ. ಬೈಕ್ ಓಡಿಸುವವರು ಫೋನ್ ತೆಗೆಯಬಾರದು. ಅಲ್ಲಿ ಬಾಣದ ಗುರುತು, ಮಂಟಪದ ಹೆಸರು ಸಾಕು.

ಎಲ್‌ಇಡಿ ಪರದೆಗೆ ಬಾಡಿಗೆ ಕೊಡುವವರನ್ನು ಪಿಚ್ ಎಷ್ಟು ಅಂತ ಕೇಳಿ. ಪಿ 3.91 ಅಂದರೆ ಎರಡು ದೀಪದ ನಡುವೆ 3.91 ಮಿ.ಮೀ. ಅಂತರ, 500 ಮಿ.ಮೀ.ಯ ಒಂದು ಪ್ಯಾನೆಲ್‌ನಲ್ಲಿ 128×128 ಪಿಕ್ಸೆಲ್. ಅಂಚು ಸೇರಿ 37 ಮನೆಗೆ ಮೂರು ಮೂರು ಪಿಕ್ಸೆಲ್ ಕೊಟ್ಟರೆ 111, ಒಂದೇ ಪ್ಯಾನೆಲ್‌ನಲ್ಲಿ ಹಿಡಿಸುತ್ತದೆ. ಆದರೆ ಮನೆ 11.7 ಮಿ.ಮೀ. ಮಾತ್ರ, ಓದುವ ದೂರ 3 ಮೀಟರ್ ಸಹ ಇಲ್ಲ. 10 ಮೀಟರ್ ಹಿಂದೆ ಕೂತವರಿಗೆ 40 ಮಿ.ಮೀ. ಮನೆ ಬೇಕು, ಅಂದರೆ ಮನೆಗೆ 10 ಪಿಕ್ಸೆಲ್, ಒಟ್ಟು 370 ಪಿಕ್ಸೆಲ್, ಸುಮಾರು 1.45 ಮೀಟರ್ ಚೌಕ. ಮೂರು ಪ್ಯಾನೆಲ್ ಅಗಲ, ಮೂರು ಪ್ಯಾನೆಲ್ ಎತ್ತರ. ಪರದೆಯ ಅರ್ಧವೇ ಹೋಯಿತು ಅನ್ನಿಸಬಹುದು. ಅಷ್ಟು ಕೊಡಲು ಆಗದಿದ್ದರೆ ಹಿಂದಿನ ಸಾಲುಗಳಿಗೆ ಊಟದ ಹಾಲ್ ಬಾಗಿಲಲ್ಲಿ ಇನ್ನೊಂದು ಎ3 ಹಾಳೆ ಅಂಟಿಸುವುದು ಲೇಸು.

ಎಲ್‌ಇಡಿಯ ಬಿಳಿ ಕಣ್ಣು ಕುಕ್ಕುವಷ್ಟು ಪ್ರಖರ, ಕ್ಯಾಮೆರಾದಲ್ಲಿ ಆ ಬೆಳಕು ಪಕ್ಕದ ಕಪ್ಪು ಮನೆಗೆ ಹರಿಯುತ್ತದೆ. ಹಿನ್ನೆಲೆಗೆ ಪೂರ್ತಿ ಬಿಳಿ ಬದಲು ತಿಳಿ ಬೂದು ಹಾಕಿ, ಇಲ್ಲವೇ ಬ್ರೈಟ್‌ನೆಸ್ ಇಳಿಸಲು ಹೇಳಿ. ಕೋಡ್ ಕದಲಬಾರದು, ಮಿನುಗಬಾರದು. ಒಮ್ಮೆ ಬಂದರೆ 20 ಸೆಕೆಂಡ್ ನಿಲ್ಲಲಿ, ಫೋನ್ ತೆಗೆದು ಲಾಕ್ ಬಿಚ್ಚುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಯೂಟ್ಯೂಬ್ ನೇರಪ್ರಸಾರದ ಚೌಕಟ್ಟಿನಲ್ಲೂ ಕೋಡ್ ಹಾಕುವುದಾದರೆ 1080ರ ವಿಡಿಯೋದಲ್ಲಿ ಮನೆಗೆ 12 ಪಿಕ್ಸೆಲ್ ಕೊಡಿ. ಹಳ್ಳಿಯಲ್ಲಿ ಸಿಗ್ನಲ್ ಇಳಿದು 360ರಲ್ಲಿ ನೋಡುವವರಿಗೆ ಅದು 4 ಪಿಕ್ಸೆಲ್ ಆಗಿಯಾದರೂ ಉಳಿಯುತ್ತದೆ.

---

ಚೌಕಾಬಾರ

ವಾಟ್ಸ್‌ಆ್ಯಪ್ ಆಹ್ವಾನ ಬಾಕಿ ಉಳಿದಿದೆ. 1080 ಅಗಲದ ಚಿತ್ರದಲ್ಲಿ ಮನೆಗೆ ಪೂರ್ತಿ 8 ಪಿಕ್ಸೆಲ್ ಕೊಡಿ, 37×8 = 296 ಪಿಕ್ಸೆಲ್. ಫೋಟೋ ಆಗಿ ಕಳಿಸಿದಾಗ ವಾಟ್ಸ್‌ಆ್ಯಪ್ ಅದನ್ನು ಹಿಂಡುತ್ತದೆ, ಒಬ್ಬರಿಂದ ಒಬ್ಬರಿಗೆ ಸ್ಕ್ರೀನ್‌ಶಾಟ್ ಆಗಿ ಹೋದರಂತೂ ಇನ್ನೂ ಸವೆಯುತ್ತದೆ. 8 ಪಿಕ್ಸೆಲ್ ಇದ್ದರೆ ಅಷ್ಟು ಸವೆತ ತಾಳಿಕೊಳ್ಳುತ್ತದೆ. ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಬೇಡ. ಡಾರ್ಕ್ ಮೋಡ್‌ನಲ್ಲಿ ಹಿನ್ನೆಲೆ ಕಪ್ಪಾಗಿ ಕಪ್ಪು ಮನೆಗಳು ಕಾಣೆಯಾಗುತ್ತವೆ.

ಅದಕ್ಕಿಂತ ಮುಖ್ಯವಾದದ್ದು: ತನ್ನದೇ ಫೋನ್‌ನ ಪರದೆಯಲ್ಲಿರುವ ಕೋಡನ್ನು ಅದೇ ಫೋನ್‌ನಿಂದ ಹಿಡಿಯಲು ಆಗುವುದಿಲ್ಲ. ಗ್ಯಾಲರಿಯಿಂದ ಓದಿಸುವ ದಾರಿ ಇದ್ದರೂ ಎಲ್ಲರಿಗೂ ಗೊತ್ತಿರುವುದಿಲ್ಲ. ಚಿತ್ರದ ಕೆಳಗೆ ಮೆಸೇಜ್ ಆಗಿ ಲಿಂಕನ್ನೇ ಹಾಕಿ, ಒತ್ತಿದರೆ ದಾರಿ ತೆರೆಯಲಿ.

ಮುಯ್ಯಿ ಟೇಬಲ್‌ನ ಯುಪಿಐ ಕೋಡ್‌ನಲ್ಲಿ ಐಡಿ, ಹೆಸರು ಎಲ್ಲ ಸೇರಿ 80–100 ಅಕ್ಷರ ಇರುತ್ತದೆ, 37ರಿಂದ 41 ಮನೆ. ಟೇಬಲ್ ಆಚೆ ನಿಂತವರಿಗೆ 40 ಸೆಂ.ಮೀ. ದೂರ, ಮನೆ 1.6 ಮಿ.ಮೀ. 41 ಮನೆಗೆ 6.6 ಸೆಂ.ಮೀ., ಅಂಚು ಸೇರಿ ಸುಮಾರು 8. ಎ5 ಸ್ಟ್ಯಾಂಡ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಮೊತ್ತ ತುಂಬಬೇಡಿ, ಅವರವರೇ ಹಾಕಿಕೊಳ್ಳಲಿ. ಆ್ಯಪ್ ಕೊಟ್ಟ ಕೋಡನ್ನು ಬಿಡಿಸಿ ಮತ್ತೆ ಕಟ್ಟಲು ಹೋಗಬೇಡಿ, ಇದ್ದಂತೆಯೇ ಬಳಸಿ, ಅಳತೆ ಮಾತ್ರ ಹೊಂದಿಸಿ. ಅಚ್ಚಾದ ಹಾಳೆಯಿಂದಲೇ ಒಂದು ರೂಪಾಯಿ ಕಳಿಸಿ, ಪರದೆಯಲ್ಲಿ ಬರುವ ಹೆಸರು ಮನೆಯವರದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಹೊಳೆಯುವ ಲ್ಯಾಮಿನೇಶನ್ ಬದಲು ಮ್ಯಾಟ್ ಹಾಕಿಸಿ.

---

ಮಸಿಬಟ್ಟಲು

ಒಂದು ವಿಷಯ ಯಾರೂ ಹೇಳಲಿಲ್ಲ. ಪ್ರಶ್ನೆಯಲ್ಲಿ ‘ಬಲಗಡೆ ಕೆಳಮೂಲೆ’ ಅಂತ ಇದೆ. ಪತ್ರಿಕೆ ಹಂಚುವ ಮೊದಲು ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಾರಲ್ಲ. ಒಣ ಅರಿಶಿನದಿಂದ ಅಷ್ಟು ತೊಂದರೆಯಿಲ್ಲ, ಹಳದಿ ಕ್ಯಾಮೆರಾಕ್ಕೆ ಬಿಳುಪಿನ ಹತ್ತಿರವೇ ಕಾಣುತ್ತದೆ. ನೀರಲ್ಲಿ ಕಲಸಿದ ಕುಂಕುಮ ಬಿಳಿ ಮನೆಗಳನ್ನು ತುಂಬಿಬಿಡುತ್ತದೆ. ಕೋಡ್‌ನ ಕೆಳಬಲ ಮೂಲೆಯಲ್ಲಿ ಕಣ್ಣಿಲ್ಲ, ಹಾಗಾಗಿ ಬೆರಳತುದಿಯಷ್ಟು ತಾಗಿದರೆ ಎರರ್ ಕರೆಕ್ಷನ್ ಉಳಿಸಬಹುದು. ಬೆರಳು ಸ್ವಲ್ಪ ಮೇಲಕ್ಕೋ ಎಡಕ್ಕೋ ಜಾರಿ ಕಣ್ಣಿನ ಮೇಲೆ ಬಿದ್ದರೆ ಎಚ್ ಮಟ್ಟ ಹಾಕಿದ್ದರೂ ಓದುವ ಭರವಸೆ ಇಲ್ಲ, ಏಕೆಂದರೆ ಕಣ್ಣುಗಳಿಗೆ ಆ ರಕ್ಷಣೆ ಅನ್ವಯಿಸುವುದೇ ಇಲ್ಲ.

ಕೋಡನ್ನು ಮೂಲೆಯಿಂದ 4 ಸೆಂ.ಮೀ. ಒಳಕ್ಕೆ, ಸ್ಥಳದ ವಿಳಾಸದ ಪಕ್ಕಕ್ಕೆ ತನ್ನಿ. ಮಡಿಕೆಯ ಗೆರೆಯಿಂದಲೂ ದೂರ ಇರಲಿ. ಕೆಳಗೆ ‘ಸ್ಥಳಕ್ಕೆ ದಾರಿ’ ಅಂತ ಒಂದು ಸಾಲು ಹಾಕಿ, ಆ ಅಕ್ಷರಗಳೂ ಬಿಳಿ ಅಂಚಿನ ಹೊರಗೇ ಇರಬೇಕು.

---

ಅಕ್ಷರಜೋಡಣೆ

ಕುಂಕುಮದ ವಿಷಯ ನನ್ನ ತಲೆಗೆ ಹೊಳೆದಿರಲೇ ಇಲ್ಲ, ತುಂಬ ಉಪಕಾರವಾಯಿತು. ಕೋಡ್ ವರ್ಷನ್ 3, ಎಂ ಮಟ್ಟ, ಮನೆ 0.6, ಅಂಚು ಸೇರಿ 22.2 ಮಿ.ಮೀ., ಕೆನೆ ಹಾಳೆಯಲ್ಲಿ ಕಪ್ಪು ಮಸಿ, ವಿಳಾಸದ ಎಡಕ್ಕೆ. ಫಾಯಿಲ್‌ನಲ್ಲಿ ಗಣಪತಿ ಮತ್ತು ಹೆಸರು ಮಾತ್ರ, ಮನೆಯವರು ಒಪ್ಪಿದರು. ಹೊಸ ಪ್ರೂಫ್‌ನಲ್ಲಿ ಕಣ್ಣು ಅಳೆದರೆ 4 ಮಿ.ಮೀ. ಇದೆ, 4.2 ಬರಬೇಕಿತ್ತು. ಫಿಟ್ ಟು ಪೇಜ್ ಆನ್ ಇತ್ತು. ಆಫ್ ಮಾಡಿ ಮತ್ತೆ ತೆಗೆಯುತ್ತಿದ್ದೇನೆ.